ಕ್ಲೋಸ್ ಸಾಹೇಬರ ಸಾರು

ರಾಮನಗರದ ಆ ನಿವೃತ್ತ ಇತಿಹಾಸ ಮೇಷ್ಟ್ರ ತಲೆಗೆ ಭಾನುವಾರ ಬೆಳಿಗ್ಗೆ ಏನಾದರೂ ಹೊಕ್ಕಿತೆಂದರೆ ಮನೆಯವರು ಹುಷಾರಾಗುತ್ತಾರೆ. ಈ ಸಲ ಹೊಕ್ಕಿದ್ದು ಬ್ಯಾರಿ ಕ್ಲೋಸ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದವರು. ದಿವಾನ್ ಪೂರ್ಣಯ್ಯನವರು 1800ರಲ್ಲಿ ಇಲ್ಲೊಂದು ಪೇಟೆ ಮಾಡಿಸಿ, ಈ ಸಾಹೇಬರ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಆಮೇಲೆ ಊರು ರಾಮನಗರವಾಯಿತು, ಕಲ್ಲು ಮಾತ್ರ ಹೆಸರು ಬಿಡಲಿಲ್ಲ. ‘ಶೋಲೆ’ಯ ಗಬ್ಬರ್ ಓಡಾಡಿದ ಬಂಡೆಗಳನ್ನು ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಬರೆಯುತ್ತಾರೆ.

ಕ್ಲೋಸ್ ಐರ್ಲೆಂಡಿನವರು. ಊರಿಗೆ ಹೆಸರು ಕೊಟ್ಟವರ ನಾಡಿನ ಅಡುಗೆ ಊರಿನ ಒಂದು ಒಲೆಯ ಮೇಲೂ ಬೇಯದಿರುವುದು ಕೃತಘ್ನತೆ ಎಂದು ಮೇಷ್ಟ್ರು ತೀರ್ಮಾನಿಸಿದರು. “ಐರಿಶ್ ಸ್ಟ್ಯೂ! ಒಂದೇ ಪಾತ್ರೆ, ತೊಳೆಯೋದೂ ಒಂದೇ,” ಎಂದಾಗ ಹೆಂಡತಿ ಒಪ್ಪಿದ್ದು ಎರಡನೆಯ ಅರ್ಧಕ್ಕೆ.

ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು, ಉಪ್ಪು, ಮೆಣಸು. ಅಷ್ಟೇ. ಕ್ಯಾರೆಟ್ ಹಾಕಬಹುದೇ ಬಾರದೇ ಎಂದು ಅಲ್ಲಿನವರು ಇನ್ನೂ ಕಿತ್ತಾಡುತ್ತಾರೆ. ನಮ್ಮಲ್ಲಿ ಬಸ್ಸಾರಿಗೆ ಯಾವ ಕಾಳು ಎಂದು ಕಿತ್ತಾಡುವುದಿಲ್ಲವೇ, ಹಾಗೆ. ಅಲ್ಲಿ ಕುರಿ ಸಾಕುತ್ತಿದ್ದದ್ದು ಉಣ್ಣೆಗೆ, ಹಾಲಿಗೆ. ಪಾತ್ರೆಗೆ ಬೀಳುತ್ತಿದ್ದದ್ದು ವಯಸ್ಸಾದ ಮೇಲೆ. ಆ ಗಟ್ಟಿ ಮಾಂಸ ಮೆತ್ತಗಾಗಲಿ ಎಂದೇ ಒಲೆಯ ಮೇಲೆ ಕಬ್ಬಿಣದ ಪಾತ್ರೆ ನೇತುಹಾಕಿ ಗಂಟೆಗಟ್ಟಲೆ ಬೇಯಿಸುತ್ತಿದ್ದರು.

ಮೇಷ್ಟ್ರು ಇದನ್ನು ಅಕ್ಷರಶಃ ಪಾಲಿಸಿದರು. “ಬಲಿತ ಕುರಿ ಕೊಡಪ್ಪ, ಕತ್ತಿನ ಕಡೇದು” ಎಂದರು. ಬನ್ನೂರು ಕುರಿಯನ್ನು ಮುಂದೆಯೇ ನೇತುಹಾಕಿ, ಬಂದವರಿಂದೆಲ್ಲ ‘ಎಳೇದು ಕೊಡಿ’ ಎಂದಷ್ಟೇ ಕೇಳಿ ಅಭ್ಯಾಸವಾದ ಅಂಗಡಿಯವನು ಕತ್ತಿ ಕೆಳಗಿಟ್ಟ. “ಯಾಕ್ ಸಾ, ಮನೇಲಿ ಏನಾರ ಜಗಳವಾ?”

ಎರಡು ಗಂಟೆ ಸಣ್ಣ ಉರಿ. ಅರ್ಧ ಆಲೂಗಡ್ಡೆ ತೆಳ್ಳಗೆ ಹೆಚ್ಚಿದ್ದು, ಅದು ಕರಗಿ ರಸ ಗಟ್ಟಿಯಾಗಬೇಕು. ಉಳಿದರ್ಧ ದಪ್ಪ ಹೋಳು, ಅದು ಬಾಯಿಗೆ. ನಾವು ಕಾಯಿ, ಗಸಗಸೆ, ಹುರಿಗಡಲೆಯಿಂದ ಮಾಡಿಸುವ ಕೆಲಸವನ್ನು ಐರ್ಲೆಂಡಿನವರು ಆಲೂಗಡ್ಡೆ ಒಂದರಿಂದಲೇ ಮಾಡಿಸುತ್ತಾರೆ. ಅಷ್ಟೊಂದು ನಂಬಿದ್ದರು ಅದನ್ನು. 1845ರಲ್ಲಿ ಆ ಬೆಳೆಗೆ ರೋಗ ಬಿದ್ದು, ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಮೇಷ್ಟ್ರು ಇದನ್ನು ಹೇಳಿದಾಗ ಅಡುಗೆಮನೆ ಒಂದು ಗಳಿಗೆ ಸುಮ್ಮನಾಯಿತು.

ಆಮೇಲೆ ಹೆಂಡತಿ ರುಬ್ಬಿದ ಖಾರದ ಜಾರ್ ಹಿಡಿದು ಬಂದರು. “ಇದನ್ನ ಯಾವಾಗ ಬಿಡೋದ್ರೀ?”

“ಬಿಡೋದೇ ಇಲ್ಲ.”

“ಹಂಗಂದ್ರೆ ಅಡುಗೆ ಇನ್ನೂ ಶುರುನೇ ಆಗಿಲ್ಲ ಅನ್ನಿ.”

ತೀರ್ಪು ಕೊಟ್ಟವರು ಮಾಗಡಿಯಿಂದ ಬಂದಿದ್ದ ಮೇಷ್ಟ್ರ ತಾಯಿ. ಒಂದು ಸೌಟು ಕುಡಿದು, “ಬಾಣಂತಿ ಸಾರು ಕಣ್ಲ ಇದು. ಬೆಳ್ಳುಳ್ಳಿ ಮರ್ತಿದ್ದೀಯ,” ಎಂದರು. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ. ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕದ ಕಡೆಯ ನೆಂಟರು. ಐರ್ಲೆಂಡು ಒಂದನ್ನು ಮನೆ ತುಂಬಿಸಿಕೊಂಡಿತು, ನಾವು ಇನ್ನೊಂದನ್ನು. ಪೋರ್ಚುಗೀಸರು ಮೆಣಸಿನಕಾಯಿ ತರುವ ಮುಂಚೆ ನಮ್ಮ ಸಾರಿಗೂ ಖಾರ ಕೊಡುತ್ತಿದ್ದದ್ದು ಮೆಣಸೇ. ಹೊಸಬನಿಗೆ ಹಳಬನ ಹೆಸರನ್ನೇ ಇಟ್ಟೆವು. ಬಾಣಂತಿಯ ತಟ್ಟೆಯಲ್ಲಿ ಮಾತ್ರ ಹಳಬ ಇನ್ನೂ ಕೂತಿದ್ದಾನೆ.

ಕನಕಪುರದ ಭಾವಮೈದುನ ಮುದ್ದೆ ಇಲ್ಲದೆ ಕೈತೊಳೆಯಲಿಲ್ಲ. ಮುದ್ದೆ ಬಂತು, ಆದರೆ ಗಟ್ಟಿ ರಸದಲ್ಲಿ ಜಾರಲಿಲ್ಲ. ಅದಕ್ಕೊಂದು ತಿಳಿಸಾರು ಬಂತು. ಚನ್ನಪಟ್ಟಣದ ಅಳಿಯನಿಗೆ ಅನ್ನ ಬೇಕಾಯಿತು. ಸಂಜೆ, ಮಿಕ್ಕಿದ್ದು ಬೇರೆ ಬಾಣಲೆಗೆ ಸುರಿದು ಜಾರಿನ ಖಾರ ಬಿಟ್ಟದ್ದೂ ಆಯಿತು.

ಒಂದೇ ಪಾತ್ರೆಯ ಆ ಅಡುಗೆಗೆ ರಾತ್ರಿ ಮೇಷ್ಟ್ರು ತೊಳೆದ ಪಾತ್ರೆ, ಜಾರ್ ಬಿಟ್ಟು, ಏಳು.