ಉಳಿದವರು ನುಡಿಸುವಾಗ ಮಷೀನು ಬಂದ್

ನಿನ್ನೆ ರಾತ್ರಿ ನಮ್ಮ ಮನೆಯಿಂದ ಸ್ಯಾಕ್ಸೋಫೋನ್ ಕೇಳಿಸ್ತಿತ್ತು, ಕಚಕ್ಕನೆ ನಿಲ್ತಿತ್ತು, ಮತ್ತೆ ಶುರುವಾಗ್ತಿತ್ತು. ಕರೆಂಟ್ ಹೋಗಿ ಬರ್ತಿದೆಯಾ ಅಂತ ಕೇಳಿದಿರಲ್ಲ, ಕರೆಂಟಲ್ಲ ಮಾರಾಯ್ರೆ, ಆ ಧ್ವನಿಮುದ್ರಣ ಇರೋದೇ ಹಾಗೆ.

ನುಡಿಸಿದವನು ಚಾರ್ಲಿ ಪಾರ್ಕರ್. ಬೀಬಾಪ್ ಅನ್ನೋ ಜಾಝ್ ಶೈಲಿ ಕಟ್ಟಿದವರಲ್ಲಿ ದೊಡ್ಡ ಹೆಸರು. ಮುದ್ರಿಸಿಕೊಂಡವನು ಡೀನ್ ಬೆನೆಡೆಟ್ಟಿ, ತಾನೂ ಸ್ಯಾಕ್ಸೋಫೋನ್ ನುಡಿಸ್ತಿದ್ದ. 1947ರ ಮಾರ್ಚಿನಲ್ಲಿ ಲಾಸ್ ಏಂಜಲೀಸಿನ ಹೈ-ಡಿ-ಹೋ ಕ್ಲಬ್ಬಿಗೆ ಡಿಸ್ಕ್ ಕೊರೆಯೋ ಮಷೀನು ಹೊತ್ತುಕೊಂಡು ಹೋದ. ಪಾರ್ಕರ್ ಆಸ್ಪತ್ರೆಯಿಂದ ಬಿಡುಗಡೆಯಾಗಿ ಆಗಷ್ಟೇ ಕೆಲವು ವಾರ ಆಗಿತ್ತು. ಪಾರ್ಕರ್ ಊದಲು ಶುರು ಮಾಡಿದರೆ ಇವನು ಸೂಜಿ ಇಳಿಸ್ತಿದ್ದ, ಸೋಲೋ ಮುಗಿದ ಕೂಡಲೇ ಎತ್ತಿಬಿಡ್ತಿದ್ದ. ಟ್ರಂಪೆಟ್ಟಿನವನಾಗಲಿ ಪಿಯಾನೋದವನಾಗಲಿ, ಉಳಿದವರು ನುಡಿಸುವಾಗ ಮಷೀನು ಬಂದ್. ಕೇಳ್ತಾ ಕೂತರೆ ಮೊದಲು ಕರಕರ ಸದ್ದು, ಆಮೇಲೆ ಒಂದೇ ಉಸಿರಿನಲ್ಲಿ ಹೊರಳಿ ಹೊರಳಿ ಬರೋ ಸ್ವರಗಳ ಸಾಲು, ಅದು ಇನ್ನೆಲ್ಲಿಗೆ ಹೋಗುತ್ತೋ ಅನ್ನುವಷ್ಟರಲ್ಲಿ ಖಾಲಿ.

ಮೊದಮೊದಲು ನನಗೆ ಸಿಟ್ಟು ಬರ್ತಿತ್ತು. ಪಕ್ಕದವನ ಮಾತಿಗೆ ಪಾರ್ಕರ್ ಕೊಡೋ ಉತ್ತರ ಅದು, ಮಾತನ್ನೇ ಕತ್ತರಿಸಿ ಉತ್ತರ ಮಾತ್ರ ಇಟ್ಟುಕೊಂಡರೆ ಹೇಗೆ? ಈಗ ಅನ್ನಿಸುತ್ತೆ, ಬೆನೆಡೆಟ್ಟಿ ಸಂಗ್ರಹಕ್ಕೆ ಅಂತ ಮಾಡಲಿಲ್ಲ, ಪಾಠಕ್ಕೆ ಮಾಡಿಕೊಂಡ. ಡಿಸ್ಕಿನಲ್ಲಿ ಜಾಗ ಇದ್ದದ್ದೇ ಕೆಲವು ನಿಮಿಷ. ಕಲಿಯಬೇಕಾದ ಗುರು ಒಬ್ಬನೇ.

ಇಂಥವಕ್ಕೆ ಸಂಗ್ರಾಹಕರು ಯಾಕೆ ಪ್ರಾಣ ಬಿಡ್ತಾರೆ ಅಂದ್ರೆ, ಬೀಬಾಪ್ ಹುಟ್ಟುವಾಗ ಹಿಡಿದಿಟ್ಟದ್ದೇ ಕಡಿಮೆ. 1942ರ ಆಗಸ್ಟಿನಿಂದ ಅಮೆರಿಕದ ಸಂಗೀತಗಾರರ ಯೂನಿಯನ್ ರೆಕಾರ್ಡಿಂಗ್ ಮುಷ್ಕರ ಹೂಡಿತು. ರೆಕಾರ್ಡ್ ಮಾರಾಟದಲ್ಲಿ ಯೂನಿಯನ್ನಿನ ನಿಧಿಗೂ ಪಾಲು ಬೇಕು ಅಂತ. ನ್ಯಾಯವಾದ ಬೇಡಿಕೆಯೇ. ಆದರೆ ದೊಡ್ಡ ಕಂಪನಿಗಳು ಪೂರ್ತಿ ಒಪ್ಪೋ ಹೊತ್ತಿಗೆ 1944ರ ನವೆಂಬರ್ ಬಂತು. ಹಾರ್ಲೆಮ್ಮಿನ ಮಿಂಟನ್ಸ್ ಕ್ಲಬ್ಬಿನಲ್ಲಿ ಆ ಶೈಲಿ ಹದಗೊಳ್ತಿದ್ದ ವರ್ಷಗಳೇ ಅವು! ಜೊತೆಗೆ ಯುದ್ಧದಿಂದಾಗಿ ಅರಗಿಗೂ ಬರ. ಆ ಕಪ್ಪು ತಟ್ಟೆಗೆ ಬೇಕಾದ ಅರಗು ಹೋಗ್ತಿದ್ದದ್ದು ನಮ್ಮ ದೇಶದಿಂದ, ಛೋಟಾ ನಾಗಪುರದ ಮರಗಳಿಂದ. 1948ರಲ್ಲಿ ಮತ್ತೆ ಮುಷ್ಕರ. ಆ ವರ್ಷ ಬೆನೆಡೆಟ್ಟಿ ನ್ಯೂಯಾರ್ಕಿನ ತ್ರೀ ಡ್ಯೂಸಸ್ ಕ್ಲಬ್ಬಿನಲ್ಲಿ ಪೇಪರ್ ಟೇಪಿನ ಮೇಲೆ ಹಿಡಿದದ್ದಕ್ಕೆ ಅದಕ್ಕೇ ಅಷ್ಟು ಬೆಲೆ.

ಅವನು 1957ರಲ್ಲಿ ಇಟಲಿಯಲ್ಲಿ ತೀರಿಕೊಂಡ, ವಯಸ್ಸು ಇನ್ನೂ 34. ದಶಕಗಳ ಕಾಲ ಆ ಡಿಸ್ಕು-ಟೇಪುಗಳ ಬಗ್ಗೆ ಬರೀ ಕಥೆ. ತಂತಿಯ ಮೇಲೆ ಮುದ್ರಿಸಿದ್ದ ಅಂತಲೂ ಪುಸ್ತಕದಲ್ಲೇ ಬರೆದರು, ಅದು ತಪ್ಪು. ಎಲ್ಲವೂ ಅವನ ಸೋದರನ ಹತ್ತಿರ ಜೋಪಾನವಾಗಿತ್ತು. ಫಿಲ್ ಶಾಪ್ ಅನ್ನೋರು ಒಂದೊಂದೇ ತುಣುಕನ್ನು ಕಿವಿಗೊಟ್ಟು ಸರಿಪಡಿಸಿದರು, 1990ರಲ್ಲಿ ಮೊಸಾಯಿಕ್ ಕಂಪನಿ ಏಳು ಸೀಡಿ ಹೊರತಂದಿತು. ಪಾರ್ಕರ್ ಹೋಗಿ ಆಗಲೇ 35 ವರ್ಷ.

ಸ್ಯಾಕ್ಸೋಫೋನಿನ ಕದ್ರಿ ಗೋಪಾಲನಾಥರನ್ನು ಕೇಳಿದ ಕಿವಿ ನಿಮ್ಮದು, ಹಾಗಾಗಿ ಇದನ್ನೂ ಹೇಳ್ತೀನಿ. ಅವರ ಜೊತೆ 2008ರಲ್ಲಿ 'ಕಿನ್ಸ್‌ಮೆನ್' ಮಾಡಿದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಇದ್ದಾರಲ್ಲ, ಕರ್ನಾಟಕ ಮೂಲದ ಮನೆತನದವರು, ಅವರು 2015ರಲ್ಲಿ ಪಾರ್ಕರನ ಸ್ಮರಣೆಗೇ 'ಬರ್ಡ್ ಕಾಲ್ಸ್' ಅನ್ನೋ ಆಲ್ಬಂ ಮಾಡಿದರು. ಸಂಜೆ ಬನ್ನಿ. ಮೊದಲು ಪಾರ್ಕರನ 1945ರ 'ಕೋ-ಕೋ' ಹಾಕ್ತೀನಿ, ಅದು ಪೂರ್ತಿ ಇದೆ. ಬೆನೆಡೆಟ್ಟಿಯ ತುಣುಕುಗಳು ಆಮೇಲೆ.