ಕತ್ತರಿಸಿದ ಪುಟದ ಮೀಮಾಂಸೆ

ಅಥಾತಃ ಸ್ಫೂರ್ತಿಜಿಜ್ಞಾಸಾ. ಮಕ್ಕಳ ಸಾಹಿತಿಯೊಬ್ಬ, ಅವನಿಂದ ಕಥೆ ಹೇಳಿಸಿದ ಮಗುವೊಂದು: ಈ ಇಬ್ಬರ ಮೇಲೆ ಐತಿಹಾಸಿಕ ಕಾದಂಬರಿಗಳು ಹೇಗೆ ಹುಟ್ಟುತ್ತವೆ ಎಂಬುದೇ ಈ ಶಾಸ್ತ್ರದ ವಿಷಯ. ಮೂಲ ಕಥೆಯನ್ನು ಚಿಕ್ಕಂದಿನಲ್ಲಿ ಓದಿ ಮರೆತವರು ಅಧಿಕಾರಿಗಳು. ಪ್ರಯೋಜನ, ಪ್ರಕಾಶಕರಿಗೆ. ಇನ್ನುಳಿದದ್ದು ಸಂಬಂಧ. ಅದೇನೆಂದು ಕೆದಕಲು ಹೋಗಿಯೇ ಕಾದಂಬರಿಕಾರರು ಕೆಟ್ಟದ್ದು.

ಆಲಂಬನ ವಿಭಾವದಲ್ಲಿ ತಕರಾರಿಲ್ಲ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ಫಾಲಿ ಸೇತುವೆಯಿಂದ ಗಾಡ್‌ಸ್ಟೋ ಕಡೆಗೆ ದೋಣಿಯೊಂದು ಹೊರಟಿತು. ಅದರಲ್ಲಿ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್ ಉರುಫ್ ಲೂಯಿಸ್ ಕ್ಯಾರಲ್, ಗೆಳೆಯ ಡಕ್‌ವರ್ತ್, ಡೀನ್ ಲಿಡೆಲ್ ಅವರ ಮೂವರು ಹೆಣ್ಣುಮಕ್ಕಳು. ನಡುವಿನವಳು ಆಲಿಸ್, ಹತ್ತು ವರ್ಷದವಳು. ಮೇಷ್ಟ್ರು ಕಥೆ ಹೇಳಿದರು, ಹುಡುಗಿ ಬರೆದುಕೊಡಿ ಎಂದು ಹಟ ಹಿಡಿದಳು.

ತೊಡಕಿರುವುದು ಉದ್ದೀಪನ ವಿಭಾವದಲ್ಲಿ. ಅಂದು ಒಳ್ಳೆಯ ಬಿಸಿಲಿತ್ತು ಎಂದು ದೋಣಿಯಲ್ಲಿದ್ದವರು ನೆನೆದರು. ಹವಾಮಾನದ ದಾಖಲೆ ತೆಗೆಸಿದವರಿಗೆ ಸಿಕ್ಕಿದ್ದು ಥಂಡಿ, ಒದ್ದೆ ದಿನ. ಆಮೇಲೆ ಬಂದವರು, ಮಧ್ಯಾಹ್ನದ ಹೊತ್ತಿಗೆ ಹೊಳವಾಗಿರಬಹುದು ಎಂದು ರಾಜಿ ಮಾಡಿಸಿದರು. ಒಂದು ಮೋಡದ ಮೇಲೆ ಇಷ್ಟು ಭಾಷ್ಯಗಳು ಕಾಳಿದಾಸನ ಮೇಘಕ್ಕೆ ಬಿಟ್ಟರೆ ಇದಕ್ಕೇ.

ಇನ್ನು ಪ್ರಮಾಣ ವಿಚಾರ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪುತ್ತಾರೆ. ಕಾಣಬೇಕಾದ ಮಡಕೆ ಕಾಣದಿದ್ದರೆ, ಮಡಕೆ ಇಲ್ಲವೆಂದು ತಿಳಿಯುವುದು. ಕಾದಂಬರಿಕಾರರು ಇದನ್ನು ತಿದ್ದಿದ್ದಾರೆ: ಮಡಕೆ ಕಾಣದಿದ್ದರೆ ಯಾರೋ ಒಡೆದಿದ್ದಾರೆ, ಅದರೊಳಗೆ ಪ್ರೇಮಪತ್ರವಿತ್ತು.

ಡಾಡ್ಜ್‌ಸನ್ನರ ದಿನಚರಿ 13 ಸಂಪುಟ. ನಾಲ್ಕು ಕಳೆದುಹೋಗಿವೆ. ಆದರೆ ಕಾದಂಬರಿಗೆ ಆ ನಾಲ್ಕೂ ಬೇಡ, ಒಂದು ಹಾಳೆ ಸಾಕು. 1863ರ ಜೂನ್ ಕೊನೆಯಲ್ಲಿ ಲಿಡೆಲ್ ಮನೆಗೂ ಮೇಷ್ಟ್ರಿಗೂ ಎಡವಟ್ಟಾಯಿತು. ಸರಿಯಾಗಿ ಅದೇ ಹೊತ್ತಿನ ಪುಟವನ್ನು ಯಾರೋ ಕತ್ತರಿಸಿದ್ದಾರೆ. ಮೇಷ್ಟ್ರ ಮನೆಯವರ ಕೈಯೇ ಇರಬೇಕೆಂಬುದು ಊಹೆ. 1996ರಲ್ಲಿ ಲೇಖಕಿ ಕ್ಯಾರೊಲಿನ್ ಲೀಚ್ ಅವರಿಗೆ ಡಾಡ್ಜ್‌ಸನ್ ಕುಟುಂಬದ ಕಾಗದಗಳಲ್ಲಿ, ಆ ಪುಟದ ಸಾರವನ್ನು ಹೇಳುವ ಚೀಟಿಯೊಂದು ಸಿಕ್ಕಿತು. ಮೇಷ್ಟ್ರು ಮಕ್ಕಳ ನೆಪದಲ್ಲಿ ಅವರ ಗವರ್ನೆಸ್ಸನ್ನು ಒಲಿಸಿಕೊಳ್ಳಲು ಬರುತ್ತಾರೆಂದೂ, 'ಐನಾ' ಎಂಬವಳ ಹಿಂದೆ ಬಿದ್ದಿದ್ದಾರೆಂದೂ ಊರು ಆಡಿಕೊಳ್ಳುತ್ತಿದೆ, ಇಷ್ಟು. ಐನಾ ಎಂದರೆ ಲೊರೀನಾ. ಅದು ಅಕ್ಕನ ಹೆಸರು. ದುರದೃಷ್ಟಕ್ಕೆ, ಅಮ್ಮನ ಹೆಸರೂ ಅದೇ! ಚೀಟಿಯಿಂದ ಸಂಶಯ ನಿವಾರಣೆಯಾಗಲಿಲ್ಲ, ಸಂಶಯಕ್ಕೆ ಮಕ್ಕಳು ಮರಿಗಳಾದವು.

ಕಾದಂಬರಿಕಾರರ ಮತಭೇದಗಳು ಹೀಗಿವೆ. ಕೇಟಿ ರಾಯ್ಫಿ (2001) ಮೇಷ್ಟ್ರ ಮನಸ್ಸಿನೊಳಗೆ ಇಳಿದರು. ಮೆಲನಿ ಬೆಂಜಮಿನ್ (2010) ಮುದುಕಿಯಾದ ಆಲಿಸ್ ಬಾಯಲ್ಲೇ ಕಥೆ ಹೇಳಿಸಿದರು. ವನೆಸ್ಸಾ ಟೇಟ್ (2015) ಗವರ್ನೆಸ್ ಪಕ್ಷ ಹಿಡಿದರು; ಅವರು ಆಲಿಸಳ ಮರಿಮಗಳೇ ಆದ್ದರಿಂದ ಆ ಮತಕ್ಕೆ ವಂಶಬಲವೂ ಉಂಟು. ದೋಣಿಯ ದೃಷ್ಟಿಯಿಂದ ಬರೆದ ಕಾದಂಬರಿ ಈ ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ.

ಕನ್ನಡ ಪರಂಪರೆ ಈ ಜಗಳದಿಂದ ಪಾರಾಗಿದೆ. ಆಲಿಸಳ ತಂದೆ ಗ್ರೀಕ್ ನಿಘಂಟು ಮಾಡಿದವರು. ಅವಳನ್ನು ಕನ್ನಡಕ್ಕೆ ತಂದ ನಾ. ಕಸ್ತೂರಿ 'ಅನರ್ಥಕೋಶ' ಮಾಡಿದವರು. ಕೋಶದಿಂದ ಕೋಶಕ್ಕೆ ಮಗು ಸುಖವಾಗಿ ದಾಟಿ, 'ಪಾತಾಳದಲ್ಲಿ ಪಾಪಚ್ಚಿ' ಆಯಿತು. ಯಾರ ಮನೆಯ ಪಾಪಚ್ಚಿ ಎಂದು ಕೇಳದೆ ಓದಿದವರಿಗೆ ಏನೂ ಕಡಿಮೆಯಾಗಲಿಲ್ಲ.

ಕೊನೆಗೆ ಪ್ರತ್ಯಕ್ಷ ಪ್ರಮಾಣ. ಮೇಷ್ಟ್ರು ಕೈಯಾರೆ ಬರೆದು, 37 ಚಿತ್ರ ಹಾಕಿ, 1864ರ ನವೆಂಬರ್‌ನಲ್ಲಿ ಆಲಿಸ್‌ಗೆ ಕೊಟ್ಟ ಹಸ್ತಪ್ರತಿಯ ಕಡೆಯ ಪುಟದಲ್ಲಿ ಅವಳ ಪುಟ್ಟ ಫೋಟೋ ಇದೆ. ಹಣೆಗೆ ನೇರ ಕತ್ತರಿಸಿದ ಕಪ್ಪು ಕೂದಲು. ಚಿತ್ರಕಾರ ಟೆನಿಯಲ್ ಅಚ್ಚಿನ ಪುಸ್ತಕಕ್ಕೆ ಬರೆದ ಉದ್ದಗೂದಲಿನ ಹುಡುಗಿಯಲ್ಲ. 1977ರಲ್ಲಿ ಆ ಫೋಟೋದ ಅಡಿಯಲ್ಲಿ ಮೇಷ್ಟ್ರೇ ಬರೆದ ಆಲಿಸ್‌ ಮುಖ ಸಿಕ್ಕಿತು. ಮನಸ್ಸಿಗೆ ಬಾರದೆ ಅಂಟು ಹಚ್ಚಿ ಮುಚ್ಚಿದ್ದರು.

ಗಂಡ ತೀರಿಕೊಂಡ ಮೇಲೆ ಆಲಿಸ್ 1928ರಲ್ಲಿ ಆ ಹಸ್ತಪ್ರತಿಯನ್ನು ಹರಾಜಿಗೆ ಹಾಕಿದಳು. ಬಂದದ್ದು 15,400 ಪೌಂಡ್. 1932ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗೌರವ ಪದವಿ ಪಡೆದಳು. ಆಮೇಲೆ ಮಗನಿಗೊಂದು ಕಾಗದ ಬರೆದಳು: ಆ ಆಲಿಸ್ ಆಗಿ ಆಗಿ ತನಗೆ ಸುಸ್ತಾಗಿದೆ ಎಂದು. ಆ ಕಾಗದವನ್ನು ಯಾರೂ ಕತ್ತರಿಸಿಲ್ಲ.