ಕೋಣೆ ಬಳಸುವ ಮುನ್ನ ಓದಿರಿ

ಅಭಿನಂದನೆಗಳು. ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಪರಿಸರ ಆರೋಗ್ಯ ಸಂಶೋಧನೆಗೆಂದು ಒಂದು ಕೋಣೆ ಮಂಜೂರಾಗಿದೆ. ಆದೇಶದ ಪ್ರತಿ ಕೈಗೆ ಬಂದ ಕೂಡಲೇ ಸಿಹಿ ಹಂಚಬೇಡಿ. ಮಂಜೂರಾದದ್ದು ಕೋಣೆ ಮಾತ್ರ, ಬೀಗದ ಕೈಗೆ ಬೇರೆ ಕಡತ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವನು ಯಾವುದೋ ಉಗ್ರಾಣದ ಬಾಗಿಲಲ್ಲಿ ಕಾದು ನಿಂತವನೇ ಇರಬೇಕು. ನಾನು ಹನ್ನೊಂದು ದಿನ ನಿಂತೆ. ಯಾವ ಆಸ್ಪತ್ರೆ ಎಂದು ಕೇಳಬೇಡಿ, ಹೇಳುವುದಿಲ್ಲ. ಈ ಕೈಪಿಡಿಯ ಮೊದಲ ಕರಡು ಆ ಬಾಗಿಲಲ್ಲೇ, ಹೊರರೋಗಿ ಚೀಟಿಗಳ ಹಿಂಬದಿಯಲ್ಲಿ ಬರೆದದ್ದು.

ಪೆಟ್ಟಿಗೆಯಲ್ಲಿ ಏನೇನಿದೆ

ಹತ್ತಡಿಗೆ ಹನ್ನೆರಡಡಿಯ ಕೋಣೆ ಒಂದು. ಕಬ್ಬಿಣದ ಬೀರು ಎರಡು: ಒಂದಕ್ಕೆ ಬಾಗಿಲಿಲ್ಲ, ಇನ್ನೊಂದರ ಬಾಗಿಲು ತೆರೆಯುವುದಿಲ್ಲ. ಕಾಲು ಮುರಿದ ಡ್ರಿಪ್ ಸ್ಟ್ಯಾಂಡು, ದಾರ ಕಟ್ಟಿದ ಹಳೆಯ ಕೇಸ್ ಶೀಟುಗಳು, ಪಲ್ಸ್ ಪೋಲಿಯೊ ಪೋಸ್ಟರಿನ ಸುರುಳಿಗಳು, ಮೂರು ಕಾಲಿನ ಕುರ್ಚಿಗಳು. ಇವನ್ನೆಲ್ಲ ಹೊರಗಿಡಬಹುದೇ ಎಂದು ಕೇಳಿದರೆ, 'ಇನ್ನೂ ಕಂಡೆಮ್ ಆಗಿಲ್ಲ ಸಾರ್' ಎಂಬ ಉತ್ತರ ಬರುತ್ತದೆ. ಕಂಡೆಮ್ ಮಾಡುವ ಸಮಿತಿ ಕೂರುವ ತನಕ ಮುರಿದ ಕುರ್ಚಿಯೂ ಸರ್ಕಾರದ ಆಸ್ತಿ. ಸ್ಟಾಕ್ ಪುಸ್ತಕದಲ್ಲಿ ಅದಕ್ಕೆ ಇನ್ನೂ ನಾಲ್ಕು ಕಾಲಿದೆ.

ಬೀರುವಿನ ಮೇಲೆ ಕೈಯಾಡಿಸುವ ಮುನ್ನ ಟಾರ್ಚು ಬಿಟ್ಟು ನೋಡಿ. ನನಗೆ ಅಲ್ಲಿ ಸಿಕ್ಕಿದ್ದು ಪಾದರಸದ ಬಿಪಿ ಯಂತ್ರ ನಾಲ್ಕು. ಒಂದರ ಗಾಜು ಒಡೆದು, ಧೂಳಿನ ನಡುವೆ ಸಾಸಿವೆ ಕಾಳಿನಷ್ಟು ಗಾತ್ರದ ಹನಿಗಳು ಮಿನುಗುತ್ತಿದ್ದವು. ಪಾದರಸದ ಬಳಕೆ ತಗ್ಗಿಸುತ್ತೇವೆಂದು ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲೇ ಅನುಮೋದಿಸಿದೆ. ಬೀರುವಿನ ನೆತ್ತಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಆಯಾಮ್ಮ ಪೊರಕೆ ಹಿಡಿದು ಬಂದರೆ ಕೈಮುಗಿದು ತಡೆಯಿರಿ. ಗುಡಿಸಿದರೆ ಹನಿ ಒಡೆದು ನೂರಾಗುತ್ತದೆ, ಅಷ್ಟೂ ಬೇಗ ಆವಿಯಾಗಿ ನಿಮ್ಮ ಮೂಗಿಗೇ ಬರುತ್ತದೆ. ಕಿಟಕಿ ತೆರೆದು, ಫ್ಯಾನು ಆರಿಸಿ, ಎರಡು ತುಂಡು ರಟ್ಟಿನಿಂದ ಹನಿಗಳನ್ನು ಮೆಲ್ಲಗೆ ಒಟ್ಟುಮಾಡಿ. ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದು, ನೀರಿರುವ ಬಾಟಲಿಗೆ ಹಾಕಿ, ಬಿರಡೆ ಬಿಗಿಯಿರಿ. ನಿಮ್ಮ ಸಂಶೋಧನೆ ಶುರುವಾಯಿತು. ಮೊದಲ ಮಾದರಿ ನಿಮ್ಮ ಕೋಣೆಯದೇ.

ಎಲ್ಲಿ ಕೂಡಿಸಬೇಕು

ನಿಮಗೆ ಮೊದಲು ತೋರಿಸುವ ಕೋಣೆ ಮೂರನೆಯ ಮಹಡಿಯಲ್ಲಿರುತ್ತದೆ. ಲಿಫ್ಟು ಕೆಟ್ಟಿರುತ್ತದೆ. 'ಸಂಶೋಧನೆಗೆ ನಿಶ್ಶಬ್ದ ಬೇಕಲ್ಲ ಸಾರ್, ಇಲ್ಲಿ ಒಂದು ನರಪಿಳ್ಳೆ ಬರಲ್ಲ' ಎಂದು ಆಡಳಿತ ಕಚೇರಿಯವರು ಪ್ರೀತಿಯಿಂದಲೇ ಹೇಳುತ್ತಾರೆ. ನರಪಿಳ್ಳೆ ಬರದ ಕೋಣೆ ನಿಮಗೆ ಏಕೆ? ನಿಮಗೆ ಬೇಕಿರುವುದು ಪಿಳ್ಳೆಗಳೇ. ಮಕ್ಕಳ ಒಪಿಡಿಯ ಸಾಲು ಎಲ್ಲಿ ತಿರುಗುತ್ತದೋ ಅಲ್ಲಿ, ಗದ್ದಲದಲ್ಲೇ, ಶೌಚಾಲಯದ ಪಕ್ಕವಾದರೂ ಸರಿ, ನೆಲಮಹಡಿಯ ಕೋಣೆ ಕೇಳಿ. ಕಂಕುಳಲ್ಲಿ ಒಂದು, ಕೈಯಲ್ಲಿ ಇನ್ನೊಂದು ಮಗುವನ್ನು ಹಿಡಿದ ತಾಯಿ ನಿಮ್ಮ ಪ್ರಶ್ನಾವಳಿಗೋಸ್ಕರ ಮೂರು ಮಹಡಿ ಹತ್ತುವುದಿಲ್ಲ, ಹತ್ತಲೂ ಬಾರದು.

ಈ ವಿಷಯದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ಊರಿನವರಿಂದ ಕಲಿಯಬಹುದು. ಅಲ್ಲಿನ ಹರ್ಲಿ ಆಸ್ಪತ್ರೆ ನಗರದ್ದೇ, ಸಾರ್ವಜನಿಕರದ್ದು. 2015ರ ಆಗಸ್ಟಿನಲ್ಲಿ ಅದು ತನ್ನ ಮಕ್ಕಳ ಕ್ಲಿನಿಕ್ಕನ್ನು ರೈತರ ಮಾರುಕಟ್ಟೆಯ ಮೇಲ್ಮಹಡಿಗೆ ಸಾಗಿಸಿತು. ಪಕ್ಕದಲ್ಲೇ ಬಸ್ ನಿಲ್ದಾಣ. ಮಗುವನ್ನು ತೋರಿಸಿ ಕೆಳಗಿಳಿದರೆ ತರಕಾರಿ. ಅದೂ ಮಹಡಿಯೇ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ಸರಿ, ಆದರೆ ಅವರ ಲಿಫ್ಟು ನಡೆಯುತ್ತಿತ್ತೆಂದು ನನ್ನ ನಂಬಿಕೆ.

ಇನ್ನೊಂದು ಷರತ್ತು: ಇಪ್ಪತ್ತು ಹೆಜ್ಜೆಯೊಳಗೆ ನೀರು ಬರುವ ನಲ್ಲಿ. ಕಂಪ್ಯೂಟರ್, ಎಸಿ, ಹೆಸರಿನ ಫಲಕ ಎಲ್ಲ ಬಿಟ್ಟುಕೊಡಿ. ನಲ್ಲಿಯನ್ನು ಬಿಡಬೇಡಿ. ಕಾರಣ ಮುಂದೆ ಬರುತ್ತದೆ.

ಗೋಡೆಯ ವಿಷಯ

ಕೋಣೆಗೆ ಬಣ್ಣ ಹೊಡೆಸಿಕೊಡುತ್ತೇವೆ ಎಂದಾಗ ಹಿಗ್ಗಬೇಡಿ. ಹಳೆಯ ಗೋಡೆಯ, ಕಿಟಕಿ ಸರಳಿನ ಎನಾಮೆಲ್ ಬಣ್ಣದಲ್ಲಿ ಸೀಸವಿರುತ್ತದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ಭಾರತ ನಿಯಮ ಮಾಡಿದ್ದು 2016ರಲ್ಲಿ. ಅದಕ್ಕೆ ಮುಂಚೆ ಬಳಿದದ್ದು ಎಲ್ಲಿಗೂ ಹೋಗಿಲ್ಲ, ಹೊಸ ಬಣ್ಣದ ಕೆಳಗೆ ಪದರ ಪದರವಾಗಿ ಕೂತಿದೆ. ನನ್ನ ಕೋಣೆಗೆ ಬಂದ ಹುಡುಗ ಉಪ್ಪುಕಾಗದ ತೆಗೆದು ಒಣಗೋಡೆಯನ್ನೇ ಉಜ್ಜತೊಡಗಿದ. ಐದು ನಿಮಿಷದಲ್ಲಿ ಕೋಣೆಯೊಳಗೆ ತಿಳಿಹಸಿರು ಮಂಜು. ಬಾಗಿಲ ಹೊರಗೆ ಬೆಂಚಿನ ಮೇಲೆ ಚುಚ್ಚುಮದ್ದಿಗೆ ಕೂತ ಹಸುಗೂಸುಗಳು. ಆ ಹೊತ್ತಿನಲ್ಲಿ, ಅವರ ಆರೋಗ್ಯಕ್ಕೆಂದೇ ಮಂಜೂರಾದ ಕೋಣೆಯಿಂದ ಹೊರಟ ವಿಷ ಅವರ ಮೇಲೇ ಇಳಿಯುತ್ತಿತ್ತು.

ಆದ್ದರಿಂದ: ಉಜ್ಜುವುದಾದರೆ ಒದ್ದೆ ಮಾಡಿ ಉಜ್ಜಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿ, ಬೆಂಚುಗಳನ್ನು ದೂರ ಸರಿಸಿ, ಕೊನೆಗೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಹುಡುಗನಿಗೂ ಒಂದು ಮಾಸ್ಕು ಕೊಡಿ, ಅವನ ಮನೆಯಲ್ಲೂ ಮಗು ಇದ್ದೀತು.

ಚಾಲನೆ

ರಕ್ತದ ಸೀಸ ಅಳೆಯುವ ಯಂತ್ರ ಚಿಕ್ಕದು, ಕೈಯಲ್ಲೇ ಹಿಡಿಯಬಹುದು. ಬೆರಳ ತುದಿಯ ಒಂದೆರಡು ಹನಿ ರಕ್ತಕ್ಕೆ ಸುಮಾರು ಮೂರು ನಿಮಿಷದಲ್ಲಿ ಸೀಸದ ಅಂಕಿ ತೋರಿಸುತ್ತದೆ. ಆದರೆ ಮಗುವಿನ ಬೆರಳ ಮೇಲಿನ ಧೂಳಿನಲ್ಲೂ ಸೀಸವಿರುತ್ತದಲ್ಲ, ಚುಚ್ಚುವ ಮುಂಚೆ ಸೋಪು ಹಾಕಿ ಕೈ ತೊಳೆಯದಿದ್ದರೆ ಯಂತ್ರ ಓದುವುದು ರಕ್ತವನ್ನಲ್ಲ, ಬೀದಿಯನ್ನು. ನಲ್ಲಿಗಾಗಿ ಅಷ್ಟು ಜಗಳವಾಡಿದ್ದು ಇದಕ್ಕೇ. ಅಂಕಿ ಹೆಚ್ಚು ಬಂದರೆ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮತ್ತೆ ನೋಡಿಸಬೇಕು. ಬೆರಳ ಹನಿಯನ್ನೇ ನಂಬಿ ತಾಯಿಯನ್ನು ಅಳಿಸಬೇಡಿ. ಪರೀಕ್ಷೆಗೆ ಅಪ್ಪ ಅಮ್ಮನ ಸಹಿ ಸಾಲದು, ಏಳು ದಾಟಿದ ಮಗುವನ್ನೂ ಕೇಳಿ ಒಪ್ಪಿಸಬೇಕು. ಆಗಲ್ಲ ಎಂದು ಅದು ಬಾಗಿಲ ಹಿಂದೆ ಅಡಗಿದರೆ ಅದನ್ನೇ ಉತ್ತರವೆಂದು ಬರೆದುಕೊಳ್ಳಿ.

ಕೋಣೆಯಲ್ಲಿರುವ ಎಲ್ಲ ಉಪಕರಣಗಳಿಗಿಂತ ಮುಖ್ಯವಾದದ್ದು ಒಂದು ಪ್ರಶ್ನೆ. ಅದು ಯಾವ ಹೊರರೋಗಿ ಚೀಟಿಯಲ್ಲೂ ಅಚ್ಚಾಗಿಲ್ಲ. ಒಂದು ಬೆಳಿಗ್ಗೆ ಒಪಿಡಿಯಿಂದ ನನ್ನ ಕೋಣೆಗೆ ಮೂರು ವರ್ಷದ ಹುಡುಗನೊಬ್ಬ ಬಂದ. ಮುಖ ಬಿಳಚಿ, ಹೊಟ್ಟೆನೋವು, ಮಲ ಗಟ್ಟಿ, ಗೋಡೆ ಕೆರೆದು ತಿನ್ನುವ ಚಾಳಿ. ಚೀಟಿಯಲ್ಲಿ ಮೂರನೆಯ ಸಲ ಕಬ್ಬಿಣಾಂಶದ ಟಾನಿಕ್ಕು. ಟಾನಿಕ್ಕು ಬರೆದವರ ತಪ್ಪಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದರೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಅಷ್ಟು ದೊಡ್ಡ ಗುಂಪಿನೊಳಗೆ ಸೀಸ ಸುಲಭವಾಗಿ ತಲೆಮರೆಸಿಕೊಳ್ಳುತ್ತದೆ. ಕಬ್ಬಿಣ ಕಡಿಮೆಯಿದ್ದ ಕರುಳು ಸೀಸವನ್ನು ಇನ್ನಷ್ಟು ಆಸೆಯಿಂದ ಹೀರುತ್ತದೆ ಬೇರೆ.

"ಮಗೂ ಅಪ್ಪ ಏನು ಕೆಲಸ ಮಾಡ್ತಾರಮ್ಮ?"

"ಗ್ಯಾರೇಜು ಸಾರ್."

"ಗ್ಯಾರೇಜಲ್ಲಿ ಏನು?"

"ಹಳೇ ಬ್ಯಾಟ್ರಿ ಒಡೀತಾರೆ. ಒಳಗಿನ ತಗಡು ಕರಗಿಸ್ತಾರೆ."

"ಆ ಬಟ್ಟೆ ಎಲ್ಲಿ ಒಗೀತೀರಿ?"

"ಎಲ್ಲಿ ಅಂದ್ರೆ? ಇವನ ಬಟ್ಟೆ ಜತೇಲೇ, ಒಂದೇ ಬಕೀಟಲ್ಲಿ."

ಮೂರು ನಿಮಿಷವೂ ಬೇಕಾಗಲಿಲ್ಲ. ಆದರೂ ಕೈ ತೊಳೆಸಿ, ಚುಚ್ಚಿ, ಮತ್ತೆ ರಕ್ತ ತೆಗೆದು ಕಳಿಸಿದೆವು. ಡೆಸಿಲೀಟರಿಗೆ 38 ಮೈಕ್ರೋಗ್ರಾಂ. 5 ಮುಟ್ಟಿದರೇ ಮೂಲ ಹುಡುಕಿ ನಿಲ್ಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೀಸವನ್ನು ಮೈಯಿಂದ ಎಳೆದು ತೆಗೆಯುವ ಮಾತ್ರೆಯನ್ನು ಸಾಮಾನ್ಯವಾಗಿ ಶುರುಮಾಡುವುದು 45ಕ್ಕೆ. ಹಾಗಾಗಿ ಈ ಹುಡುಗನಿಗೆ ಫಾರ್ಮಸಿಯಲ್ಲಿ ಕೊಡಲು ಹೊಸದೇನೂ ಇರಲಿಲ್ಲ. ಚೀಟಿಯಲ್ಲಿ ಬರೆದದ್ದು ಇಷ್ಟು: ಕೆಲಸದ ಬಟ್ಟೆ, ಚಪ್ಪಲಿ ಗ್ಯಾರೇಜಲ್ಲೇ ಬಿಡುವುದು; ಮೈತೊಳೆದ ಮೇಲೇ ಮಗುವನ್ನು ಎತ್ತಿಕೊಳ್ಳುವುದು; ಮನೆ ಗುಡಿಸದೆ ಒರೆಸುವುದು; ಟಾನಿಕ್ಕು ಮುಂದುವರಿಸುವುದು; ರಾಗಿ, ಹಾಲು. ಸಿಸ್ಟರು ಚೀಟಿಯನ್ನು ಎರಡು ಕಡೆ ತಿರುಗಿಸಿ ನೋಡಿ, "ಸಾರ್, ಔಷಧಿ ಬರೀಲಿಲ್ಲ" ಎಂದರು.

ಬರೆದದ್ದೇ ಔಷಧಿ. ಅದಕ್ಕೆ ಒಪಿಡಿಯಲ್ಲಿ ಜಾಗವಿಲ್ಲ, ಹೊತ್ತೂ ಇಲ್ಲ, ಅದಕ್ಕೇ ಕೋಣೆ ಬೇಕಾದದ್ದು. ಇಲ್ಲಿ ಸುಳ್ಳು ಭರವಸೆ ಕೊಡಲಾರೆ. ಬಟ್ಟೆ ಬೇರೆ ಮಾಡಿಸಬಹುದು, ಕುಲುಮೆ ಮುಚ್ಚಿಸುವುದು ನಿಮ್ಮ ಕೈಲಿಲ್ಲ. ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕೆಂದು 2022ರ ನಿಯಮ ಹೇಳುತ್ತದೆ. ಗ್ಯಾರೇಜಿನ ಹಿಂದಿನ ಬಾಣಲೆ ನೋಂದಣಿ ಮಾಡಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆಯಿರಿ. ಮಗುವಿನ, ಅಪ್ಪನ ಹೆಸರು ಬರೆಯಬೇಡಿ. ಕೂಲಿ ಹೋದರೆ ರಾಗಿಯೂ ಹೋಗುತ್ತದೆ.

ದೋಷ ಮತ್ತು ಪರಿಹಾರ

ದೋಷ: ಕೋಣೆಯನ್ನು ಲಸಿಕೆ ಅಭಿಯಾನಕ್ಕೆ ಎರಡು ದಿನ ಕೇಳುತ್ತಾರೆ. ಪರಿಹಾರ: ಸಂತೋಷದಿಂದ ಕೊಡಿ. ಬೀಗದ ಕೈ ಕೊಡಬೇಡಿ.

ದೋಷ: ಯಾರೋ ಬಂದು, 'ಇದೆಲ್ಲ ದೆಹಲಿ ಹೊಗೆಯ ಸಮಸ್ಯೆ, ನಮ್ಮ ಕಡೆ ಗಾಳಿ ಚೆನ್ನಾಗಿದೆ' ಎನ್ನುತ್ತಾರೆ. ಪರಿಹಾರ: ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ತುಪ್ಪಿಲ್ ವೆಂಕಟೇಶ್ ಅವರ ಹೆಸರು ಎತ್ತಿ. ಸೀಸದ ರಾಷ್ಟ್ರೀಯ ರೆಫರಲ್ ಕೇಂದ್ರವೊಂದನ್ನು ಅವರು ಅಲ್ಲಿಂದಲೇ ನಡೆಸಿದರು. ಅವರು ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆಯ ಜತೆಗೂಡಿ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸಿ 1999ರಲ್ಲಿ ವರದಿ ಕೊಟ್ಟಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ಮೀರಿತ್ತು. ಪರೀಕ್ಷೆಯಾದ ಊರುಗಳಲ್ಲಿ ಬೆಂಗಳೂರೂ ಇತ್ತು. ಸೀಸದ ಪೆಟ್ರೋಲು ದೇಶದಲ್ಲಿ ನಿಂತದ್ದು ಮರುವರ್ಷ, 2000ದಲ್ಲಿ. ಬ್ಯಾಟರಿ, ಬಣ್ಣ, ಕಲಬೆರಕೆ ಅರಿಸಿನ ನಿಲ್ಲಲಿಲ್ಲ. ಯುನಿಸೆಫ್ 2020ರಲ್ಲಿ ಅಂದಾಜಿಸಿದಂತೆ 5 ಮೈಕ್ರೋಗ್ರಾಂ ಮೀರಿದ ಭಾರತದ ಮಕ್ಕಳು ಸುಮಾರು 27 ಕೋಟಿ.

ದೋಷ: ಸೂಪರಿಂಟೆಂಡೆಂಟರು, 'ಆಸ್ಪತ್ರೆಗೆ ಇದರಿಂದ ಏನು ಲಾಭ?' ಎಂದು ಕೇಳುತ್ತಾರೆ. ಪರಿಹಾರ ಸ್ವಲ್ಪ ಉದ್ದ, ಕಾಫಿ ತರಿಸಿಕೊಂಡು ಹೇಳಿ. ಫ್ಲಿಂಟ್ ಊರು ಕಾಸು ಉಳಿಸಲು 2014ರ ಏಪ್ರಿಲಿನಲ್ಲಿ ತನ್ನ ಕುಡಿಯುವ ನೀರನ್ನು ಪಕ್ಕದ ಹೊಳೆಗೆ ಬದಲಾಯಿಸಿತು. ಪೈಪು ಕೊರೆಯದಂತೆ ನೀರಿಗೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಸೀಸದ ಪೈಪು ನೀರಿಗೆ ಕರಗಿತು. ಅದೇ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಯವರು ಈ ನೀರಿಗೆ ಎಂಜಿನ್ನಿನ ಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ಬೇರೆ ನೀರು ಹಾಕಿಸಿಕೊಂಡರು. ಎಂಜಿನ್ನಿಗೆ ಹೇಳುವವರಿದ್ದರು. ಮಕ್ಕಳು ಅದನ್ನೇ ಕುಡಿದರು.

ಹರ್ಲಿ ಆಸ್ಪತ್ರೆಯ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟಿಶಾ ಮರುವರ್ಷ ಮಾಡಿದ್ದು ಹೊಸ ಪರೀಕ್ಷೆಯಲ್ಲ. ಆಸ್ಪತ್ರೆಯಲ್ಲಿ ಮಾಮೂಲಿಯಾಗಿ ಆಗುತ್ತಿದ್ದ ಸೀಸದ ಪರೀಕ್ಷೆಗಳ ದಾಖಲೆ ತೆಗೆದು, ನೀರು ಬದಲಾಗುವ ಮುಂಚಿನದನ್ನೂ ಆಮೇಲಿನದನ್ನೂ ಪಕ್ಕಪಕ್ಕ ಇಟ್ಟರು. ಐದರೊಳಗಿನ ಮಕ್ಕಳಲ್ಲಿ 5 ಮೈಕ್ರೋಗ್ರಾಂ ಮುಟ್ಟಿದವರು ನೂರಕ್ಕೆ 2.4 ಇದ್ದದ್ದು 4.9 ಆಗಿತ್ತು. 2015ರ ಸೆಪ್ಟೆಂಬರ್ 24ರಂದು ಅವರು ಅದನ್ನು ಪತ್ರಕರ್ತರ ಮುಂದಿಟ್ಟರು. ರಾಜ್ಯದ ಅಧಿಕಾರಿಗಳು ಮೊದಲು ಅಲ್ಲಗಳೆದರು, ವಾರ ಕಳೆಯುವಷ್ಟರಲ್ಲಿ ಒಪ್ಪಿಕೊಂಡರು. ಅಕ್ಟೋಬರ್ ಮಧ್ಯದಲ್ಲಿ ಹಳೆಯ ನೀರು ಮತ್ತೆ ಬಂತು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯವೂ ಆಸ್ಪತ್ರೆಯೂ ಸೇರಿ ಮಕ್ಕಳ ಸಾರ್ವಜನಿಕ ಆರೋಗ್ಯಕ್ಕೆಂದೇ ಒಂದು ಕೇಂದ್ರ ತೆರೆದದ್ದು ಅದಾದ ಮೇಲೆ, 2016ರ ಜನವರಿಯಲ್ಲಿ.

ಇಷ್ಟು ಕೇಳಿದ ನಮ್ಮ ಸೂಪರಿಂಟೆಂಡೆಂಟರು ಲೋಟ ಕೆಳಗಿಟ್ಟು, "ಅಂದ್ರೆ ಆ ದಾಖಲೆ ಆಸ್ಪತ್ರೇಲೇ ಇತ್ತು, ನೋಡೋರು ಬೇಕಾಗಿತ್ತು" ಎಂದರು. ನಲ್ಲಿಯ ಅರ್ಜಿಗೆ ಸಹಿ ಬಿದ್ದದ್ದು ಅವತ್ತೇ. ನಮ್ಮಲ್ಲಿ ಅಂಥ ದಾಖಲೆ ದಾರ ಕಟ್ಟಿದ ಕಟ್ಟಿನಲ್ಲಿರುತ್ತದೆ, ಕಟ್ಟು ಬಾಗಿಲು ತೆರೆಯದ ಬೀರುವಿನಲ್ಲಿ. ಬೀಗ ರಿಪೇರಿಯವನನ್ನು ಕರೆಸಿ. ಬೀಗ ಒಡೆಯುವ ಮುಂಚೆ ಸ್ಟಾಕ್ ಪುಸ್ತಕದಲ್ಲಿ ಬರೆಸಿ, ಆಡಿಟ್ಟಿನವರು ಸೀಸಕ್ಕಿಂತ ಹೆಚ್ಚು ದಿನ ನೆನಪಿಟ್ಟುಕೊಳ್ಳುತ್ತಾರೆ.

ವಾರಂಟಿ

ಕೋಣೆಯ ಮಂಜೂರಾತಿ ಹನ್ನೊಂದು ತಿಂಗಳಿಗೆ. ಮಗುವಿನ ರಕ್ತದಲ್ಲಿನ ಸೀಸ ಇಳಿಯಲು ತಿಂಗಳುಗಳೇ ಬೇಕು, ಮೂಳೆಗೆ ಇಳಿದದ್ದು ದಶಕಗಳ ಕಾಲ ಅಲ್ಲೇ ಇರುತ್ತದೆ. ಬ್ಯಾಟರಿಯವರ ಹುಡುಗನನ್ನು ಮೂರು ತಿಂಗಳಿಗೆ ಮತ್ತೆ ಕರೆದೆವು: 27 ಇತ್ತು. ಮುಂದಿನ ಸರದಿಯನ್ನು ಚೀಟಿಯ ಮೇಲೆ ಬರೆದುಕೊಟ್ಟಿದ್ದೇವೆ, ಅದು ಹನ್ನೆರಡನೆಯ ತಿಂಗಳಿಗೆ ಬೀಳುತ್ತದೆ. ಮರುಮಂಜೂರಾತಿಯ ಅರ್ಜಿಯನ್ನು ಎಂಟನೆಯ ತಿಂಗಳಲ್ಲೇ ಹಾಕಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.